ದರ್ಜಿಯ ಚಪ್ಪಲಿ ಕಂಡ ಮಧ್ಯಾಹ್ನ

ಆ ಪೇಟೆಯಲ್ಲಿ ಚಪ್ಪಲಿ ಅಂಗಡಿಯ ಅಣ್ಣತಮ್ಮಂದಿರ ಪೈಕಿ ತಮ್ಮನನ್ನು ಜನ ಮುಖದಿಂದ ಬಲ್ಲರು, ಅಣ್ಣನನ್ನು ನೆತ್ತಿಯಿಂದ. ತಪ್ಪು ಜನರದ್ದಲ್ಲ. ಮೂವತ್ತೊಂದು ವರ್ಷ ಅಣ್ಣ ಮೊಳಕಾಲೆತ್ತರಕ್ಕೂ ಬಾರದ ಒಂದು ಸ್ಟೂಲಿನ ಮೇಲೆ ಕೂತು, ಬಂದವರ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳು ಎಲ್ಲಿ ಮುಟ್ಟುತ್ತದೆ, ಪಕ್ಕ ಎಲ್ಲಿ ಹಿಡಿಯುತ್ತದೆ ಎಂದು ನೋಡಿಕೊಂಡೇ ಬಂದವನು. ಅವನ ತಲೆಗೂದಲು ಉದುರಿದ್ದು ಊರಿಗೆಲ್ಲ ಗೊತ್ತು. ಅವನಿಗೆ ಮೀಸೆ ಉಂಟೋ ಇಲ್ಲವೋ ಎಂದು ಕೇಳಿದರೆ ಅರ್ಧ ಊರು ತಡವರಿಸೀತು. ಹಿಂದಿನಿಂದ ‘ಸ್ಟೂಲಣ್ಣ’ ಅನ್ನುತ್ತಿದ್ದರು, ಎದುರಿಗೆ ‘ಅಣ್ಣಾ’.

ಅವನಿಗೂ ಜನರ ಮುಖ ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಮೊದಲು ಕೆಳಗೆ ನೋಡುವನು, ಆಮೇಲೆ ಅವನ ಮುಖ ಅರಳುವುದು. “ಓ, ನೀವಾ! ಎಡಗಾಲಿನ ಆಣಿ ಹೋಯ್ತಾ?” ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ಕಂಡು ಬಿದ್ದು ಬಿದ್ದು ನಕ್ಕಿದ್ದಳು. “ನಾನು ಕಳೆದುಹೋದ್ರೆ ಪೊಲೀಸರಿಗೆ ಏನಂತ ಹೇಳ್ತೀರಿ? ಆರನೇ ನಂಬರು, ಅಗಲ ಪಾದ, ಅಷ್ಟೇನಾ?”

ತಮ್ಮ ಕೂರುತ್ತಿದ್ದದ್ದು ಬಾಗಿಲ ಪಕ್ಕದ ಕೌಂಟರಿನಲ್ಲಿ. ಅವನಿಗೆ ಮಾತು ಹುಟ್ಟಿನಿಂದ ಬಂದದ್ದು. ಕಾಲು ಕಚ್ಚುವ ಬೂಟನ್ನು ಹಾಕಿಕೊಂಡವರೂ ಅವನ ಮಾತು ಕೇಳಿ ನಗುತ್ತ ಮೆಟ್ಟಿಲಿಳಿಯುತ್ತಿದ್ದರು. ಯಾರ ಕಾಲನ್ನೂ ಅವನು ನೋಡಿದವನಲ್ಲ. ಅದು ಅಣ್ಣನ ಇಲಾಖೆ.

ಹೀಗಿದ್ದವನು ರಾಜಕೀಯಕ್ಕೆ ಇಳಿದದ್ದು ಒಂದು ಚರಂಡಿಯ ದೆಸೆಯಿಂದ. ಪೇಟೆ ಬೀದಿಯ ಚರಂಡಿ ಕಟ್ಟಿಕೊಂಡು ಅಂಗಡಿಗಳೊಳಗೆ ಹೊಲಸು ನೀರು ನುಗ್ಗಿದಾಗ ಈ ತಮ್ಮ ಇಪ್ಪತ್ತು ಜೊತೆ ನೆನೆದ ಬೂಟುಗಳನ್ನು ದಾರಕ್ಕೆ ಪೋಣಿಸಿ ಪುರಸಭೆಯ ಗೇಟಿಗೆ ನೇತುಹಾಕಿ ಬಂದ. ಆ ವಾರವೆಲ್ಲ ಊರಿಗೆ ಅದೇ ಮಾತು. “ಈ ಸಲ ನೀನೇ ನಿಲ್ಲು” ಅಂದರು. ನಿಂತ.

ಮನೆಮನೆಗೆ ಹೋಗುವ ಮೊದಲ ದಿನ ಅಣ್ಣ ಕರಪತ್ರದ ಕಟ್ಟು ಹಿಡಿದು ಹಿಂದೆ ಹೊರಟಿದ್ದ. ಮೊದಲೆರಡು ಮನೆಗಳಲ್ಲಿ ತಮ್ಮನ ಮಾತು ನಡೆಯಲೇ ಇಲ್ಲ. ಕೌಂಟರಿನ ಹಿಂದೆ ಹುಲಿಯಾಗಿದ್ದವನು ಪರರ ಹೊಸ್ತಿಲಲ್ಲಿ ಬೆಕ್ಕಿನ ಮರಿಯಾಗಿಬಿಟ್ಟ. ಮೂರನೆಯ ಮನೆಯ ಮೆಟ್ಟಿಲ ಬಳಿ ನಾಲ್ಕು ಜೊತೆ ಚಪ್ಪಲಿಗಳಿದ್ದವು. ಅಣ್ಣ ಬಗ್ಗಿ ನೋಡಿದ. ತಮ್ಮನ ತೋಳು ಹಿಡಿದೆಳೆದು ಕಿವಿಯಲ್ಲಿ ಉಸುರಿದ:

“ಒಳಗೆ ಅಜ್ಜಿ ಇದ್ದಾರೆ. ಬಲಗಾಲು ಎಳೆದು ನಡೀತಾರೆ, ಮಂಡಿ ನೋವಿರ್ಬೇಕು. ಮಗಳು ಬಂದಿದ್ದಾಳೆ, ಬಸುರಿ. ಪಾದ ಊದಿ ಪಟ್ಟಿ ಕೊನೇ ತೂತಿಗೆ ಬಂದಿದೆ ನೋಡು. ಯಜಮಾನ ಮನೇಲಿಲ್ಲ.”

ತಮ್ಮ ಒಳಗೆ ಹೋದ. “ಅಜ್ಜೀ, ಮಂಡಿ ಹೇಗಿದೆ? ಮಗಳು ಬಂದಿದ್ದಾಳಲ್ಲ, ದಿನ ತುಂಬಿದಾಗ ಈ ಗುಂಡಿ ರಸ್ತೇಲಿ ಆಸ್ಪತ್ರೆಗೆ ಹೇಗೆ ಕರ್ಕೊಂಡು ಹೋಗ್ತೀರಿ?”

ಅಜ್ಜಿ ಬಾಯಿಗೆ ಕೈಯಿಟ್ಟುಕೊಂಡಳು. “ಅಯ್ಯೋ, ನಮ್ಮ ಮನೆ ವಿಚಾರ ಇವನಿಗೆ ಹೇಗಪ್ಪಾ ಗೊತ್ತು!”

ಮುಂದೆ ನೂರಾರು ಮನೆ ಹೀಗೇ ನಡೆಯಿತು. ಅಣ್ಣ ಹೊಸ್ತಿಲಾಚೆ ನೋಡುವನು, ತಮ್ಮ ಹೊಸ್ತಿಲೊಳಗೆ ಹೇಳುವನು. ಕೆಲಸ ಹೋಗಿ ಮನೆಯಲ್ಲಿ ಕೂತ ಮಗನ ಬೂಟಿನ ಮೇಲಿನ ಧೂಳು, ಎರಡು ತಿಂಗಳಿಂದ ಹೊರಗೆ ಬಾರದ ಸೊಸೆಯ ಮೆಟ್ಟು, ಗಂಡ ಸತ್ತರೂ ಎತ್ತಿಡಲು ಮನಸ್ಸು ಬಾರದೆ ಹಾಗೇ ಬಿಟ್ಟ ಗಂಡಸಿನ ಜೋಡು, ಯಾವುದೂ ಅಣ್ಣನ ಕಣ್ಣು ತಪ್ಪುತ್ತಿರಲಿಲ್ಲ. ತಮ್ಮ ಗೆದ್ದ. ಐದು ವರ್ಷದ ಮೇಲೆ ಮತ್ತೆ ಗೆದ್ದ. ಎರಡು ಸಲವೂ ವೇದಿಕೆಯ ಮೇಲೆ ಎದೆ ಮುಟ್ಟಿಕೊಂಡು ಹೇಳಿದ: “ಈ ಊರಿನ ಒಬ್ಬೊಬ್ಬರ ಮನೆಯ ಕಷ್ಟವೂ ನನಗೆ ಗೊತ್ತು.” ಮೂರನೇ ಸಾಲಿನಲ್ಲಿ ಕೂತಿದ್ದ ಅಣ್ಣನೂ ಚಪ್ಪಾಳೆ ತಟ್ಟಿದ.

“ತಟ್ಟಿ, ತಟ್ಟಿ,” ಅಂದಿದ್ದಳು ಹೆಂಡತಿ ಅಂದು ಮನೆಗೆ ಬಂದ ಮೇಲೆ. “ಕಣ್ಣು ನಿಮ್ಮದು, ಹೆಸರು ಅವರದ್ದು. ಒಂದು ದಿನ ನಿಮ್ಮನ್ನ ಹೊಸ್ತಿಲಾಚೆನೇ ಬಿಟ್ಟು ಹೋಗ್ತಾರೆ, ನೋಡ್ತಿರಿ.”

ಆ ಮಾತನ್ನು ಅವನು ನಕ್ಕು ತಳ್ಳಿಹಾಕಿದ. ಅವನಿಗೆ ಹೆಸರು ಬೇಕಿರಲಿಲ್ಲ, ಇದು ಸತ್ಯ. ಮನೆಯಿಂದ ಮನೆಗೆ ಹೋಗುವಾಗ ತಮ್ಮ ಅವನ ತೋಳು ಹಿಡಿದುಕೊಂಡು, “ಅಣ್ಣ, ಇಲ್ಲೇನಿದೆ ಹೇಳು” ಅಂತ ಕಿವಿ ಕೊಡುತ್ತಿದ್ದನಲ್ಲ, ಆ ಅರೆಗಳಿಗೆ ಸಾಕಿತ್ತು.

ದರ್ಜಿ ಬಂದಮೇಲೆ ಆ ಅರೆಗಳಿಗೆಯೂ ಹೋಯಿತು.

ದರ್ಜಿ ಪಕ್ಕದ ವಾರ್ಡಿನಿಂದ ಹೊಸದಾಗಿ ಗೆದ್ದು ಬಂದ ಸದಸ್ಯ. ಒಣಕಲು ದೇಹ, ಕಿವಿಯ ಹಿಂದೆ ಸೀಮೆಸುಣ್ಣ, ಬಾಯಿ ತೆರೆದರೆ ತಮಾಷೆ. ಹೊಲಿಗೆ ಯಂತ್ರದ ಮುಂದೆ ಕೂತವನಿಗೆ ಊರಿನ ಗುಟ್ಟೆಲ್ಲ ತಾನಾಗಿಯೇ ಬಂದು ಮಡಿಲಿಗೆ ಬೀಳುತ್ತದೆ. ಯಾರ ಸೊಂಟ ಬೆಳೆಯಿತು, ಯಾರದು ಕರಗಿತು, ಯಾರ ಮನೆಯಲ್ಲಿ ಹೊಸ ಬಟ್ಟೆಗೆ ಜಗಳವಾಯಿತು, ಎಲ್ಲ ಗೊತ್ತು ಅವನಿಗೆ. ತಮ್ಮನಿಗೆ ಭಾಷಣ ಬರೆದುಕೊಟ್ಟ. ಅರ್ಜಿ ಓದಿಕೊಟ್ಟ. ಕಾರು ಕೊಂಡಾಗ ಮುಂದಿನ ಸೀಟು ತಾನಾಗಿಯೇ ಅವನದಾಯಿತು.

ಒಂದು ದಿನ ಬೀದಿ ದೀಪದ ವಿಚಾರಕ್ಕೆ ಮನೆಮನೆ ಸುತ್ತುವುದಿತ್ತು. ಅಣ್ಣ ಅಂಗಡಿಯ ಶಟರು ಅರ್ಧ ಎಳೆದು, ಹೊಸ ಅಂಗಿ ತೊಟ್ಟು ಕಾದು ನಿಂತಿದ್ದ. ಕಾರು ಬಂತು. ತಮ್ಮ ಗಾಜು ಇಳಿಸಿದ. “ಅಣ್ಣ, ಈ ಬಿಸಿಲಲ್ಲಿ ನೀನ್ಯಾಕೆ ಒದ್ದಾಡ್ತೀಯ? ದರ್ಜಿ ಇದ್ದಾನಲ್ಲ.” ಪಕ್ಕದಲ್ಲಿದ್ದ ದರ್ಜಿ ಬಗ್ಗಿ ನೋಡಿ, “ನೀವು ಆರಾಮಾಗಿರಿ ಅಣ್ಣಾ, ನಾನು ನೋಡ್ಕೋತೀನಿ” ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅದಕ್ಕೇ ಅದು ಇನ್ನಷ್ಟು ಉರಿಯಿತು.

ಅಂದಿನಿಂದ ಅಣ್ಣನ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತು. ತನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಒಬ್ಬ ಬಟ್ಟೆ ಹೊಲಿಯುವವನ ಮೇಲೆ ಇಷ್ಟೊಂದು ಉರಿ ತನಗೇಕೆ ಎಂದು ಅವನಿಗೇ ನಾಚಿಕೆ. ನಾಚಿಕೆಯಿಂದ ಕೆಂಡ ಆರುವುದಿಲ್ಲವಲ್ಲ. ತಮ್ಮನ ಅಂಗಿಗಳೆಲ್ಲ ಈಗ ದರ್ಜಿ ಹೊಲಿದವು. ಭುಜದ ಮೇಲೆ ಒಂದು ಸುಕ್ಕಿಲ್ಲ. ಮೂವತ್ತೊಂದು ವರ್ಷ ಊರಿನವರ ಪಾದ ಅಳೆದವನಿಗೆ ಸ್ವಂತ ತಮ್ಮನ ಭುಜದ ಅಳತೆ ಗೊತ್ತಿರಲಿಲ್ಲ. ಅದು ಆ ಸೀಮೆಸುಣ್ಣದವನಿಗೆ ಗೊತ್ತು. ದರ್ಜಿ ಏನೋ ಹೇಳಿದ್ದಕ್ಕೆ ತಮ್ಮ ತೊಡೆ ತಟ್ಟಿಕೊಂಡು ನಗುವುದನ್ನು ಅಣ್ಣ ದೂರದಿಂದ ಕಂಡ ದಿನ ಅಳತೆಪಟ್ಟಿಯಲ್ಲಿ ಎಂಟನ್ನು ಒಂಬತ್ತೆಂದು ಓದಿ, ಒಬ್ಬ ಮೇಷ್ಟರಿಗೆ ದೊಡ್ಡ ಬೂಟು ಕೊಟ್ಟು ಕಳಿಸಿದ. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿ ಅವನನ್ನು ಹಾಗೆ ತಾನು ಎಷ್ಟು ಸಲ ನಗಿಸಿದ್ದ!

ಹೆಂಡತಿ ಈಗ ತಮ್ಮನಿಲ್ಲದ ಕೌಂಟರಿನಲ್ಲಿ ಕೂರುತ್ತಿದ್ದಳು. ಗಂಡನ ನೆತ್ತಿಯ ಬಣ್ಣ ನೋಡಿಯೇ ಅವನ ಮನಸ್ಸು ಹೇಳಬಲ್ಲವಳು. “ಏನ್ರೀ, ದರ್ಜಿ ಕಾರು ಹೋಯ್ತಾ?”

“ದರ್ಜಿ ಕಾರಲ್ಲ, ತಮ್ಮನ ಕಾರು.”

“ಮುಂದೆ ಕೂತೋನ್ದೇ ಕಾರು,” ಅಂದಳು ಅವಳು.

ಅಷ್ಟರಲ್ಲಿ ಪುರಸಭೆಯ ಅಧ್ಯಕ್ಷ ಸ್ಥಾನ ಖಾಲಿಯಾಯಿತು. ಒಟ್ಟು ಇಪ್ಪತ್ತೊಂದು ಸದಸ್ಯರು. ತಮ್ಮನ ಕಡೆ ದರ್ಜಿಯೂ ಸೇರಿ ಹನ್ನೊಂದು, ಎಣ್ಣೆ ಮಿಲ್ಲಿನ ಯಜಮಾನನ ಕಡೆ ಹತ್ತು. ಒಂದೇ ಒಂದು ತಲೆಯ ಅಂತರ. ಶುಕ್ರವಾರ ಹನ್ನೊಂದು ಗಂಟೆಗೆ ಕೈ ಎತ್ತುವ ಮತದಾನ. ತಮ್ಮ ಅಧ್ಯಕ್ಷನಾದರೆ ದರ್ಜಿ ಉಪಾಧ್ಯಕ್ಷ ಎಂದು ಮಾತಾಗಿತ್ತು. ಚಪ್ಪಲಿ ಮಾರಿದ ಮನೆತನದವನೊಬ್ಬ ಆ ದೊಡ್ಡ ಕುರ್ಚಿಯಲ್ಲಿ ಕೂರುವುದೆಂದರೆ ಏನು ಎಂದು ಅಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ನೆನೆದು ಎದೆ ಉಬ್ಬುತ್ತಿತ್ತು. ಆ ಕುರ್ಚಿಯ ಪಕ್ಕದ ಕುರ್ಚಿ ನೆನಪಾಗಿ ಅಷ್ಟೇ ಬೇಗ ಇಳಿಯುತ್ತಿತ್ತು.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅಣ್ಣ ಸಾಮಾನು ತರಲು ಹೋಗಿ ಎಣ್ಣೆ ಮಿಲ್ಲಿನ ಯಜಮಾನನ ಮನೆಯ ಮುಂದೆ ಹಾದು ಬರುತ್ತಿದ್ದ. ಗೇಟು ತೆರೆದಿತ್ತು. ಜಗುಲಿಯ ಕೆಳಗೆ ಚಪ್ಪಲಿಗಳ ರಾಶಿ. ಅಭ್ಯಾಸಬಲ ಎಂದರೆ ಬಲ, ಕಾಲು ತಾನಾಗಿ ನಿಧಾನವಾಯಿತು. ಕಂಟ್ರಾಕ್ಟರ್ ಸದಸ್ಯನ ಕಂದು ಬೂಟು, ಔಷಧಿ ಅಂಗಡಿಯವನ ಸವೆದ ಹಿಮ್ಮಡಿ, ಐಸ್ ಫ್ಯಾಕ್ಟರಿಯವನ ಎಂದೂ ಒಣಗದ ಪಟ್ಟಿ. ಆ ಕಡೆಯ ಗುಂಪು ಸೇರಿದೆ, ಸರಿ. ಮೆಟ್ಟಿಲ ಅಂಚಿನಲ್ಲಿ ಇನ್ನೊಂದು ಜೊತೆ.

ಆ ಜೊತೆ ಅವನಿಗೆ ಚೆನ್ನಾಗಿ ಗೊತ್ತು.

ಎಡದ ಪಟ್ಟಿ ಕಿತ್ತಾಗ ಕಪ್ಪು ದಾರ ಮುಗಿದಿತ್ತೆಂದು ಕಂದು ದಾರದಲ್ಲಿ ಹೊಲಿದುಕೊಟ್ಟವನು ಅವನೇ. ಬಲಗಾಲಿನ ಮುಂಭಾಗ ಮಾತ್ರ ಬಟ್ಟಲಿನಂತೆ ತಗ್ಗಾಗಿದೆ. ಹೊಲಿಗೆ ಯಂತ್ರ ತುಳಿಯುವವನ ಪಾದವಲ್ಲದೆ ಇನ್ಯಾವುದೂ ಅಲ್ಲಿ ಹಾಗೆ ಸವೆಸುವುದಿಲ್ಲ. ದರ್ಜಿಯ ಚಪ್ಪಲಿ!

ಒಂದು ಸಣ್ಣ ಅನುಮಾನ ಬಂತು, ಬರಲಿಲ್ಲ ಅನ್ನುವಂತಿಲ್ಲ. ದರ್ಜಿ ಎಲ್ಲಿ ಹೋದರೂ ಚಪ್ಪಲಿಯನ್ನು ಹೊಲಿಯಲಿಟ್ಟ ಎರಡು ತುಂಡುಗಳಂತೆ ಅಂಚಿಗೆ ಅಂಚು ಕೂಡಿಸಿ ಬಿಡುವವನು. ಇವು ಒಂದು ಇಲ್ಲಿ, ಒಂದು ಅಲ್ಲಿ ಮಗುಚಿ ಬಿದ್ದಿದ್ದವು. ಬೇರೆ ಯಾವ ದಿನವಾದರೂ ಅಣ್ಣ ನಿಂತು, ಬಗ್ಗಿ, ಒಳಗೆ ಕಾಲ್ಬೆರಳು ಊರಿದ ಗುರುತು ನೋಡಿ ತೀರ್ಮಾನಕ್ಕೆ ಬರುತ್ತಿದ್ದ. ಅಂದು ಬಗ್ಗಲಿಲ್ಲ. ಕದ್ದು ಬಂದವನಿಗೆ ಜೋಡಿಸಿಡಲು ಪುರುಸೊತ್ತೆಲ್ಲಿ ಎಂದುಕೊಂಡ. ಒಳಗೆ ಕೂತಿದ್ದ ಕೆಂಡಕ್ಕೆ ಯಾರೋ ತಣ್ಣೀರು ಹೊಯ್ದ ಹಾಗೆ ಮೈಯೆಲ್ಲ ಹಿತವಾಗಿತ್ತು. ಆ ಹಿತವನ್ನು ಪರೀಕ್ಷೆಗೆ ಹಚ್ಚಲು ಮನಸ್ಸಾಗಲಿಲ್ಲ.

ತಮ್ಮನ ಮನೆಗೆ ಅವನು ನಡೆದು ಹೋದನೋ ಹಾರಿ ಹೋದನೋ. ತಮ್ಮ ಕಾಗದಗಳ ನಡುವೆ ಕೂತಿದ್ದ.

“ಬಾಗಿಲು ಹಾಕು.”

“ಏನಾಯ್ತಣ್ಣ? ಅತ್ತಿಗೆ ಹುಷಾರಾಗಿದ್ದಾರಾ?”

“ಹಾಕು ಅಂದ್ನಲ್ಲ.”

ಹೇಳಿದ. ಕಂದು ದಾರ, ಬಟ್ಟಲಿನಂಥ ತಗ್ಗು, ಜಗುಲಿ, ಜೊತೆಗಿದ್ದವರು ಯಾರ್ಯಾರು ಎಲ್ಲ ಹೇಳಿದ. ಚಪ್ಪಲಿ ಮಗುಚಿ ಬಿದ್ದಿತ್ತೆಂಬುದನ್ನು ಹೇಳಲಿಲ್ಲ. ತಮ್ಮನ ಮುಖ ಸುಣ್ಣ ಬಳಿದಂತಾಯಿತು.

“ಅಣ್ಣ, ಖಂಡಿತ ತಾನೇ? ಬೆಳಿಗ್ಗೆ ಇಲ್ಲೇ ಕೂತಿದ್ದ. ನನ್ನ ತಟ್ಟೆಯಿಂದ ತಿಂಡಿ ತೆಗೆದು ತಿಂದ.”

‘ತಟ್ಟೆಯಿಂದ’ ಅನ್ನುವ ಮಾತು ಅಣ್ಣನಿಗೆ ಎಲ್ಲೋ ಚುಚ್ಚಿತು. “ಕಾಲಿನ ವಿಚಾರದಲ್ಲಿ ನಾನು ಯಾವತ್ತು ತಪ್ಪಿದೀನಿ ಹೇಳು.”

“ಒಂದು ಮಾತು ಅವನನ್ನೇ ಕೇಳ್ಲಾ?”

“ಕೇಳಿದ್ರೆ ಹೌದು ಅಂತಾನಾ? ಕಳ್ಳನ್ನ ಕೇಳಿ ಬೀಗ ಹಾಕ್ತಾರೇನೋ?”

ತಮ್ಮ ಕೈಯಲ್ಲಿದ್ದ ಕಾಗದ ಕೆಳಗಿಟ್ಟ. ಆಮೇಲೆ ಎದ್ದು ಬಂದು, ಎಷ್ಟೋ ವರ್ಷದ ಮೇಲೆ, ಅಣ್ಣನ ತೋಳು ಹಿಡಿದುಕೊಂಡ. “ಈಗೇನ್ಮಾಡೋಣ ಹೇಳು.”

ಆ ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನ ಎದುರು ಭುಜಕ್ಕೆ ಭುಜ ತಾಗಿಸಿ ಕೂತರು. ದರ್ಜಿಯ ಬದಲು ಆ ಕಡೆಯಿಂದ ಒಬ್ಬನನ್ನು ಎಳೆಯಬೇಕು. ಐಸ್ ಫ್ಯಾಕ್ಟರಿಯವನೇ ಆಗಬಹುದು, ಉಪಾಧ್ಯಕ್ಷಗಿರಿ ಕೊಟ್ಟರೆ ಬಂದಾನು. ದರ್ಜಿಗೆ ಸುಳಿವು ಬೇಡ. ಅವನ ಫೋನೂ ಎತ್ತುವುದು ಬೇಡ. ಉಳಿದ ಒಂಬತ್ತು ಮಂದಿಯನ್ನು ಊರಾಚೆ ಗೆಳೆಯನೊಬ್ಬನ ತೋಟದ ಮನೆಗೆ ಕರೆದೊಯ್ದು ಶುಕ್ರವಾರದವರೆಗೆ ಕಾಯಬೇಕು. ಅಣ್ಣನಿಗೆ ಅಂಥ ಮಧ್ಯಾಹ್ನ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳುತ್ತ ಎರಡು ಪಾಲು ಉಂಡ.

ಗುರುವಾರ ಅಂಗಡಿಗೆ ದರ್ಜಿಯ ಫೋನು ಬಂತು. “ಅಣ್ಣಾ, ನಿಮ್ಮ ತಮ್ಮನೋರು ಫೋನ್ ಎತ್ತಲ್ಲ. ಎಲ್ಲರನ್ನೂ ಎಲ್ಲೋ ಕರ್ಕೊಂಡು ಹೋದ್ರಂತೆ, ನನ್ನನ್ನ ಕರೀಲಿಲ್ಲ. ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಕೆಲಸ ಜಾಸ್ತಿ ಇರತ್ತಪ್ಪ ಅವನಿಗೆ.”

“ಹುಷಾರಾಗಿದ್ದಾರೆ ತಾನೇ? ಅಷ್ಟು ಹೇಳಿ ಸಾಕು.”

“ಇದ್ದಾನೆ,” ಅಂದು ಅಣ್ಣ ಫೋನಿಟ್ಟ. ಎಷ್ಟು ಚೆನ್ನಾಗಿ ನಟಿಸುತ್ತಾನೆ ನೋಡು ಎಂದು ಹೆಂಡತಿಗೆ ಹೇಳಿದ.

ಶುಕ್ರವಾರ ಒಂಬತ್ತೂವರೆಗೆ ಅಂಗಡಿ ತೆರೆದು ಗುಡಿಸಿ ಸ್ಟೂಲಿನ ಮೇಲೆ ಕೂತದ್ದಷ್ಟೇ, ಒಬ್ಬ ಗಿರಾಕಿ ಬಂದು ಎದುರಿನ ಬೆಂಚಿನ ಮೇಲೆ ಕೂತು ಕಾಲು ಚಾಚಿದ. ಅಣ್ಣ ಎಂದಿನಂತೆ ಕೆಳಗೆ ನೋಡಿದ.

ಕಂದು ದಾರ. ಬಟ್ಟಲಿನಂಥ ತಗ್ಗು. ಆ ತಗ್ಗಿನಲ್ಲಿ ಕೂರಲಾರದೆ ಮುಂದಕ್ಕೆ ಜಾರಿ ಅಂಚು ದಾಟಿದ ಐದು ದಪ್ಪ ಬೆರಳುಗಳು. ದರ್ಜಿಯದು ಏಳು. ಇದು ಒಂಬತ್ತರ ಪಾದ.

ಅವನು ತಲೆಯೆತ್ತಿ, ಅಪರೂಪಕ್ಕೆ, ಗಿರಾಕಿಯ ಮುಖ ನೋಡಿದ. ಭುಜಕ್ಕೆ ವೈರಿನ ಸುರುಳಿ, ಜೇಬಿನಲ್ಲಿ ಸ್ಕ್ರೂಡ್ರೈವರು, ನಗುಮುಖದ ಹುಡುಗಾಟದ ಗಂಡಸು.

“ಈ ಚಪ್ಪಲಿ...”

“ನಮ್ಮ ಭಾವಂದು ಅಣ್ಣಾ. ದರ್ಜಿ, ಮೆಂಬರ್ರು, ಅವರೇ. ನಂದು ಕಿತ್ತೋಗಿತ್ತು, ಹೋದ ಭಾನುವಾರ ಕೊಟ್ರು. ಪುಕ್ಕಟೆ ಸಿಕ್ತು ಅಂತ ಹಾಕ್ಕೊಂಡೆ, ಕಾಲು ಕೊಯ್ದು ತಿಂತಿದೆ ಕಳ್ಳಂದು. ನನ್ನ ಸೈಜಿಂದು ಒಂದು ಕೊಡಿ.”

“ಅವರೇನು ಹಾಕ್ಕೋತಾರೆ ಮತ್ತೆ?”

ಎಲೆಕ್ಟ್ರಿಷಿಯನ್ನು ತಲೆ ಕೆರೆದುಕೊಂಡ. “ಹೇಳ್ಬಾರ್ದು ಅಂದಿದ್ರು. ಬಸ್ ಸ್ಟ್ಯಾಂಡ್ ಹತ್ರ ಹೊಸ ಶೋರೂಮಿದೆಯಲ್ಲ, ಅಲ್ಲಿ ಕರಿ ಬೂಟು ತಗೊಂಡ್ರು. ಉಪಾಧ್ಯಕ್ಷ ಆಗೋ ದಿನಕ್ಕೆ ಅಂತ. ಕಚ್ಚಬಾರ್ದು ಅಂತ ಭಾನುವಾರದಿಂದ್ಲೇ ಹಾಕ್ಕೊಂಡು ಪಳಗಿಸ್ತಿದ್ದಾರೆ. ‘ಅಣ್ಣನ ಅಂಗಡಿ ಬಿಟ್ಟು ಬೇರೆ ಕಡೆ ತಗೊಂಡೆ ಅಂತ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ’ ಅಂತ ನಿಮಗೆ ಹೆದ್ರಿಕೊಂಡು ಈ ಬೀದಿಗೇ ಬಂದಿಲ್ಲ.”

ಅಣ್ಣ ಅವನ ಕಾಲಿನಿಂದ ಚಪ್ಪಲಿ ಕಳಚಿದ. “ಮಂಗಳವಾರ ಮಧ್ಯಾಹ್ನ ನೀನೆಲ್ಲಿದ್ದೆ?”

“ಮಂಗಳವಾರ? ಎಣ್ಣೆ ಮಿಲ್ಲಿನ ಯಜಮಾನ್ರ ಮನೇಲಿ. ಅಬ್ಬಾ, ಅದನ್ನ ಕೇಳ್ಬೇಡಿ! ಒಳಗೆ ದೊಡ್ಡೋರ ಮೀಟಿಂಗು, ಫ್ಯಾನು ಸುಟ್ಟೋಗಿ ಎಲ್ಲ ಬೆವತು ಕೂತಿದ್ರು. ಬಾರೋ ಬಾರೋ ಅಂತ ಒಂದೇ ಕಿರುಚಾಟ. ಚಪ್ಪಲಿ ಒದ್ದು ಓಡಿದೆ ಒಳಗೆ.” ಆಮೇಲೆ ದನಿ ತಗ್ಗಿಸಿದ. “ನಮ್ಮ ಭಾವ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಅಣ್ಣಾ. ನಿಮ್ಮ ತಮ್ಮ ಮುಖ ಕೊಟ್ಟು ಮಾತಾಡ್ತಿಲ್ವಂತೆ. ಆದ್ರೂ ಹೇಳ್ತಾರೆ, ಕರೆದ್ರೂ ಕರೀದಿದ್ರೂ ನನ್ನ ಕೈ ಅವರ ಕಡೆಗೇ ಅಂತ.”

ಅಣ್ಣ ಒಂಬತ್ತರ ಜೊತೆಯೊಂದನ್ನು ತೆಗೆದುಕೊಟ್ಟ. ಎಲೆಕ್ಟ್ರಿಷಿಯನ್ನು ಎರಡು ಹೆಜ್ಜೆ ನಡೆದು ನೋಡಿ, ‘ಸ್ವರ್ಗ’ ಅಂದು ಹೊರಟುಹೋದ.

ಕೌಂಟರಿನಲ್ಲಿ ಹೆಂಡತಿ ಎದ್ದು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

“ಫೋನ್ ಮಾಡಿ.”

“ಮ್.”

“ರೀ. ಇನ್ನೂ ಹತ್ತು ಗಂಟೆ ಆಗಿಲ್ಲ. ನಿಮ್ಮ ತಮ್ಮ ಆ ದರ್ಜಿ ಹತ್ರ ಹೋಗಿ ಒಂದು ಮಾತು ತಪ್ಪಾಯ್ತು ಅಂದ್ರೆ ಮುಗೀತು. ನಿಮಗೆ ಹೇಳೋಕೆ ಆಗಲ್ಲ ಅಂದ್ರೆ ನಾನೇ ಹೇಳ್ತೀನಿ, ಕೊಡಿ ಇಲ್ಲಿ.”

“ಬೇಡ. ಅಣ್ಣತಮ್ಮಂದಿರ ಮಾತು, ನಾನೇ ಹೇಳ್ಬೇಕು. ಹೇಳ್ತೀನಿ.”

“ನಾನೂ ಆಡಿದೀನಿ ಅವರಿಬ್ಬರ ಮೇಲೆ, ಇಲ್ಲ ಅನ್ನಲ್ಲ,” ಅಂದಳು ಅವಳು, ಸ್ವಲ್ಪ ಮೆತ್ತಗೆ. “ಬಾಯಿ ಚಪಲಕ್ಕೆ ಆಡೋದು ಬೇರೆ, ಇದು ಬೇರೆ. ನಾನು ಮಗಳನ್ನ ದಂತವೈದ್ಯರ ಹತ್ರ ಕರ್ಕೊಂಡು ಹೋಗ್ಬೇಕು. ಬರೋಷ್ಟರಲ್ಲಿ ಮಾಡಿರಿ.” ಬಾಗಿಲಲ್ಲಿ ಮತ್ತೆ ತಿರುಗಿ ಅವನನ್ನು ನೋಡಿ ಹೋದಳು.

ಅಣ್ಣ ಮೊಬೈಲು ತೆಗೆದ. ತಮ್ಮನ ಹೆಸರು ಎಲ್ಲಕ್ಕಿಂತ ಮೇಲಿತ್ತು. ಹೆಬ್ಬೆರಳು ಅದರ ಮೇಲೆ ನಿಂತಿತು.

ಈಗ ಒತ್ತಿದರೆ ಏನಾಗುತ್ತದೆ ಎಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ತಮ್ಮ ಕಾರು ಬಿಟ್ಟುಕೊಂಡು ದರ್ಜಿಯ ಮನೆಗೆ ಓಡುತ್ತಾನೆ. ಕೈ ಹಿಡಿಯುತ್ತಾನೆ. ದರ್ಜಿ ಅಳುತ್ತಾನೆ, ತಮ್ಮನೂ ಅಳುತ್ತಾನೆ, ಆಮೇಲೆ ಇಬ್ಬರೂ ನಗುತ್ತಾರೆ. ಹನ್ನೊಂದಕ್ಕೆ ಎರಡು ಕುರ್ಚಿಗಳಲ್ಲಿ ಇಬ್ಬರೂ. ಇಲ್ಲಿಯವರೆಗೆ ದರ್ಜಿ ಬರೀ ಗೆಳೆಯನಾಗಿದ್ದ, ಇನ್ನು ಮೇಲೆ ಅನ್ಯಾಯವಾಗಿ ನೊಂದ ಗೆಳೆಯ. ಅವನನ್ನು ಆ ಮುಂದಿನ ಸೀಟಿನಿಂದ ಇನ್ನು ದೇವರೂ ಕದಲಿಸಲಾರ. ಮತ್ತೆ ತಾನು? ಕಾಲಿನ ವಿಚಾರದಲ್ಲೂ ತಪ್ಪುವ ಮುದುಕ. ಹೊಸ್ತಿಲಾಚೆ ನಿಲ್ಲಿಸುವುದಕ್ಕೂ ಲಾಯಕ್ಕಿಲ್ಲದವನು.

ಒಬ್ಬ ತಾಯಿ ಮೂರು ಮಕ್ಕಳನ್ನು ಕರೆದುಕೊಂಡು ಶಾಲೆಯ ಬೂಟಿಗೆ ಬಂದಳು. ಅಣ್ಣ ಮೊಬೈಲನ್ನು ಜೇಬಿಗೆ ಹಾಕಿದ. ಇವರನ್ನು ಕಳಿಸಿ ಮಾಡಿದರಾಯಿತು.

ಅಂದು ಅವನು ಆ ಮೂರು ಮಕ್ಕಳಿಗೆ ಬೂಟು ಹಾಕಿದಷ್ಟು ಚೆನ್ನಾಗಿ ಜನ್ಮದಲ್ಲಿ ಯಾರಿಗೂ ಹಾಕಿರಲಿಕ್ಕಿಲ್ಲ. ನಿಲ್ಲಿಸಿ ಅಳೆದ, ಕೂರಿಸಿ ಅಳೆದ. ಬೆಳೆಯುವ ಕಾಲು ಎಂದು ಬೆರಳಿನಷ್ಟು ಜಾಗ ಬಿಟ್ಟ. ದೊಡ್ಡವಳಿಗೆ ಲೇಸು ಕಟ್ಟುವುದನ್ನು ಎರಡು ಸಲ ಹೇಳಿಕೊಟ್ಟ. ಚಿಕ್ಕವನಿಗೆ ಎಡ ಯಾವುದು ಬಲ ಯಾವುದು ಎಂದು ತಿಳಿಯಲು ಒಳಗೆ ಪೆನ್ನಿನಲ್ಲಿ ಒಂದೊಂದು ಚಿತ್ರ ಬರೆದ. “ಎಷ್ಟು ತಾಳ್ಮೆ ಅಣ್ಣಾ ನಿಮಗೆ,” ಅಂದಳು ತಾಯಿ. ಗೋಡೆಯ ಗಡಿಯಾರದಲ್ಲಿ ಹತ್ತು ಮುಕ್ಕಾಲಾಗಿತ್ತು. ಅದನ್ನು ಅವನು ನೋಡಿದ. ನೋಡಿ, ಚಿಕ್ಕವನ ಇನ್ನೊಂದು ಕಾಲನ್ನು ಮತ್ತೊಮ್ಮೆ ಅಂಗೈಯಲ್ಲಿಟ್ಟುಕೊಂಡ.

ತಮ್ಮ ಬಂದದ್ದು ಒಂದೂವರೆಗೆ. ಕಾರಿನ ಸದ್ದಿಲ್ಲ, ನಡೆದೇ ಬಂದಿದ್ದ. ಕೌಂಟರಿಗೆ ಹೋಗದೆ ಗಿರಾಕಿಗಳ ಬೆಂಚಿನ ಮೇಲೆ ಅಣ್ಣನ ಎದುರು ಕುಸಿದು ಕೂತ.

“ಹತ್ತು, ಹನ್ನೊಂದು,” ಅಂದ. “ಹೋಯ್ತು. ಐಸ್ ಫ್ಯಾಕ್ಟರಿಯೋನು ಕೈ ಕೊಟ್ಟ.”

“ಹೋಗ್ಲಿ ಬಿಡೋ. ಅಂಗಡಿ ಇದೆ, ನಾನಿದೀನಿ.” ಎಷ್ಟು ದಿನದಿಂದ ಹೇಳಬೇಕೆಂದು ಇಟ್ಟುಕೊಂಡ ಮಾತು. ಬಾಯಿಂದ ಹೊರಬಿದ್ದಾಗ ಅದರಲ್ಲಿ ಏನೂ ಇರಲಿಲ್ಲ.

ತಮ್ಮ ಅದನ್ನು ಕೇಳಿಸಿಕೊಂಡಂತೆಯೂ ಕಾಣಲಿಲ್ಲ. “ದರ್ಜಿ ಕೊನೇವರೆಗೂ ಕೈ ಎತ್ತಿರಲಿಲ್ಲಣ್ಣ. ಎರಡು ಕಡೆಯೂ ಹತ್ತತ್ತು. ಎಲ್ಲಾರೂ ಅವನನ್ನ ನೋಡ್ತಿದ್ರು, ಅವನು ನನ್ನ ನೋಡ್ತಿದ್ದ. ನಾನು ಫೈಲು ನೋಡ್ತಾ ಕೂತೆ. ಆಮೇಲೆ ಎತ್ತಿದ, ಆ ಕಡೆಗೆ. ಇಷ್ಟೇ ಇಷ್ಟು.” ಬೆರಳುಗಳನ್ನು ಕಿವಿಯ ಮಟ್ಟಕ್ಕೆ ಎತ್ತಿ ತೋರಿಸಿದ. “ಮೆಟ್ಟಿಲ ಹತ್ರ ಬಂದು, ‘ಯಜಮಾನ್ರೇ, ಒಂದ್ಸಲ ತಲೆಯೆತ್ತಿದ್ರೆ ಸಾಕಿತ್ತು’ ಅಂದ. ಅತ್ತ ಅಣ್ಣ, ಅಷ್ಟು ಜನದ ಮುಂದೆ. ಅದೂ ನಾಟಕ ತಾನೇ?”

ಅಣ್ಣ ಬೂಟಿನ ಪೆಟ್ಟಿಗೆಯೊಂದರ ಮುಚ್ಚಳ ಸರಿಮಾಡಿದ.

“ನಾಟಕನೇ ಇರಬೇಕು. ಆದ್ರೆ ಅವನು ಅತ್ತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಅವರಪ್ಪ ಸತ್ತಾಗಲೂ ತಮಾಷೆ ಮಾಡ್ಕೊಂಡೇ ಇದ್ದ.”

ಕುರ್ಚಿಯ ಮಾತಿಲ್ಲ, ಸೋಲಿನ ಮಾತಿಲ್ಲ. ಬರೀ ದರ್ಜಿ, ದರ್ಜಿ. ಎದುರಿಗೆ ಮೊಳದಂತರದಲ್ಲಿ ಕೂತು ತಮ್ಮ ತನ್ನನ್ನಲ್ಲ, ಬೇರೆ ಯಾರನ್ನೋ ನೋಡುತ್ತಿದ್ದ. ಇಲ್ಲದವನೇ ಇದ್ದವನಿಗಿಂತ ಹೆಚ್ಚು ಜಾಗ ಹಿಡಿದು ಕೂತಿದ್ದ. ತಣ್ಣಗಾಯಿತೆಂದುಕೊಂಡಿದ್ದ ಕೆಂಡ ಅಣ್ಣನ ಹೊಟ್ಟೆಯಲ್ಲಿ ಬೂದಿ ಕೊಡವಿಕೊಂಡಿತು.

“ಅಣ್ಣ, ಅವತ್ತು ನೀನು ಆ ಮನೆ ಮುಂದೆ ನಿಂತಾಗ ಒಳಗೆ ಅವನ ದನಿ ಏನಾದ್ರೂ ಕೇಳಿಸ್ತಾ? ಬಲವಂತಕ್ಕೆ ಹೋಗಿದ್ನೇನೋ. ಕರೆದ್ರು ಅಂತ ಹೋಗಿ ಕೂತಿದ್ನೇನೋ.” ತಮ್ಮ ಅವನ ತೋಳು ಹಿಡಿದುಕೊಂಡ. ಹಾಗಲ್ಲ ಎಂದು ಯಾರಾ‍ದರೂ ಹೇಳಲಿ ಎಂದು ಕಾಯುವ ಮಗುವಿನ ಕಣ್ಣು. “ಹೇಳು.”

ಬಾಗಿಲಲ್ಲಿ ನೆರಳು ಬಿತ್ತು. ಹೆಂಡತಿ ಮಗಳನ್ನು ಮನೆಗೆ ಬಿಟ್ಟು ಬಂದು ನಿಂತಿದ್ದಳು.

“ಕೇಳಿಸ್ತು,” ಅಂದ ಅಣ್ಣ. “ನಗ್ತಿದ್ದ.”

“ನಗ್ತಿದ್ನಾ?”

“ನಿನ್ನ ಹೆಸರು ಹೇಳಿ ನಗ್ತಿದ್ದ. ಎಲ್ಲಾರೂ ನಗ್ತಿದ್ರು.”

ತಮ್ಮನ ಕೈ ತೋಳಿನಿಂದ ತಾನಾಗಿ ಜಾರಿತು. ಅವನು ಮೊಳಕಾಲಿನ ಮೇಲೆ ಮೊಣಕೈ ಊರಿ ಮುಖ ಮುಚ್ಚಿಕೊಂಡ. ಸುಕ್ಕಿಲ್ಲದ ಆ ಅಂಗಿಯ ಭುಜಗಳು ಅಲುಗತೊಡಗಿದವು. ಅಣ್ಣ ಕೈ ಮುಂದೆ ಚಾಚಿದ. ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ತೆಗೆದುಕೊಂಡ.

ಹೆಂಡತಿ ಒಳಗೆ ಬಂದಳು. ಲೋಟದಲ್ಲಿ ನೀರು ತುಂಬಿ ಮೈದುನನ ಪಕ್ಕದಲ್ಲಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, ಬೀದಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ಕೇಳಿದಳು: “ಫೋನ್ ಮಾಡಿದ್ರಾ?”

ತಮ್ಮ ಮುಖದಿಂದ ಕೈ ತೆಗೆದ. “ಯಾರಿಗೆ ಅತ್ತಿಗೆ?”

ಅವಳು ಗಂಡನ ಮುಖವನ್ನೇ ನೋಡುತ್ತ ನಿಂತಳು. ಅವನಿಗೆ ಹೇಳಲು ಅವಳು ಕೊಡುತ್ತಿದ್ದ ಕೊನೆಯ ಅವಕಾಶ ಅದೆಂದು ಅವನಿಗೆ ತಿಳಿಯಿತು.

“ಮಾಲು ಸಪ್ಲೈ ಮಾಡೋನಿಗೆ,” ಅಂದ ಅಣ್ಣ. “ಸಿಗಲಿಲ್ಲ.”

ಅವಳು ಕೌಂಟರಿನ ಬೀಗದ ಕೈಯನ್ನು ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟಳು. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು, ದರ್ಜಿಯ ಅಂಗಡಿ ಇದ್ದ ದಿಕ್ಕಿಗೆ ತಿರುಗಿ ನಡೆದಳು.